ಹಳೆ ಟಿವಿಯ ಬೆನ್ನಿಗೆ ಹಾಕಿದ ಗುರುತು

ಮಗಳೇ,

ಬಂದ ತಕ್ಷಣ ಹೊಸ ಟಿವಿಯ ಹಿಂಭಾಗ ನೋಡು. ನನ್ನ ಕೈಲಿ ಆಗಲಿಲ್ಲ. ಅಂಗಡಿಯವರು ಬರುವ ಮೊದಲೇ, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಲ್ಲಿ, ಯಾವ ವೈರು ಯಾವ ತೂತಿಗೆ ಎಂದು ಜೋಪಾನವಾಗಿ ಬರೆದಿದ್ದೆ. ಬರೆದದ್ದು ಹಳೆ ಟಿವಿಯ ಬೆನ್ನ ಮೇಲೆ. ಅದನ್ನು ಹೊಸದಕ್ಕೆ ಬದಲಾಗಿ ಅವರು ಹೊತ್ತುಕೊಂಡು ಹೋದ ಮೇಲೆ ನನಗೆ ಬುದ್ಧಿ ಬಂತು. ನಗಬೇಡ.

ಡಿವಿಡಿ ಪ್ಲೇಯರಿನ ಕೆಂಪು, ಬಿಳಿ, ಹಳದಿ ವೈರುಗಳು ಹೊಲಿಗೆ ಮಿಷಿನ್ನಿನ ಮೇಲಿವೆ. ಹೊಸದರಲ್ಲಿ ಇವು ಕೂರುವ ಜಾಗವೇ ಇಲ್ಲ, ಎಲ್ಲಾ ಚಪ್ಪಟೆ ಬಾಯಿಗಳು. ಜೋರಾಗಿ ತುರುಕಬೇಡ, ಆ ಕೆಲಸ ನಾನಾಗಲೇ ಮಾಡಿದ್ದೇನೆ. ಕೂದಲೆಳೆ ಎಣಿಸುವಷ್ಟು ಸ್ಪಷ್ಟ ಎಂದು ಅಂಗಡಿಯವನು ಕೊಚ್ಚಿಕೊಂಡಿದ್ದ. ‘ಸಿಗ್ನಲ್ ಇಲ್ಲ’ ಎಂಬುದಂತೂ ಬಲು ಸ್ಪಷ್ಟವಾಗಿ ಕಾಣುತ್ತಿದೆ.

ಅಜ್ಜಿ ಮಲಗಿದ್ದಾಳೆ, ಎಬ್ಬಿಸಬೇಡ. ಐದಕ್ಕೆ ಅವಳ ಮಾತಿನ ಅಭ್ಯಾಸ. ಲಕ್ವ ಹೊಡೆದಾಗ ಆಸ್ಪತ್ರೆಯವರು ಕೊಟ್ಟ ಡಿಸ್ಕು ಪ್ಲೇಯರಿನೊಳಗೇ ಇದೆ. ಅಷ್ಟರೊಳಗೆ ಏನಾದರೂ ಮಾಡು.

ಬೆಳಿಗ್ಗೆ ಬೇರೆ ದಾರಿ ಕಾಣದೆ ನಾನೇ ಟಿವಿಗೆ ಅಡ್ಡ ನಿಂತು, ಡಿಸ್ಕಿನಲ್ಲಿ ಮಾತು ಹೇಳಿಕೊಡುವ ಡಾಕ್ಟರಮ್ಮನ ಹಾಗೆ ಕೈಯಾಡಿಸುತ್ತಾ “ಬಾಗಿಲು, ಬಟ್ಟಲು, ಬೆರಳು” ಎಂದೆ. ಅಜ್ಜಿ ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿದಳು. ಸರಿದೆ. ಕಪ್ಪು ಪರದೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದರತ್ತ ಬೆರಳು ತೋರಿಸಿ, ಈ ನಾಲ್ಕು ತಿಂಗಳಲ್ಲಿ ಮೊದಲ ಸಲ, ಯಾರೂ ಹೇಳಿಕೊಡದೆ ತಾನಾಗಿ ಎರಡು ಮಾತು ಆಡಿದಳು.

“ಹಳೇದು ತಾ.”

ಎಲ್ಲಿಂದ ತರಲಿ, ನೀನೇ ಹೇಳು.

ಅಪ್ಪ