ಸುಟ್ಟ ಮನೆಯಿಂದ ಮೊದಲಿನವಳಿಗೆ

ಅಕ್ಕಾ,

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನೀನು ತೀರಿಕೊಂಡ ಮೇಲೆ ನಿನ್ನ ಗಂಡನ ಕೈಹಿಡಿದು ಅಂಕಲಗಿಯ ನಿನ್ನ ಮನೆಗೆ ಬಂದವಳು ನಾನು. ಆ ಮನೆ ಮೊನ್ನೆ ಮಧ್ಯಾಹ್ನ ಸುಟ್ಟುಹೋಯಿತು. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಅವರು ಹುಕ್ಕೇರಿಗೆ ಹೋಗಿದ್ದರು. ನಾನೂ ಅತ್ತೆಯೂ ಹೇಗೋ ಹೊರಬಿದ್ದೆವು. ಬೆಂಕಿ ಆರಿದಾಗ ಮಾಳಿಗೆಯ ತೊಲೆಗಳು ಕರಕಲಾಗಿ ಬಾಗಿದ್ದವು. ಮೈದುನ ಬಾಗಿಲಲ್ಲಿ ಅಡ್ಡ ನಿಂತ. "ವೈನಿ, ಒಮ್ಮಿ ಒಳಗ ಹೋಗಿ ಬರ್ರಿ, ಅಷ್ಟ. ಏನ್ ತರತೀರಿ ವಿಚಾರ ಮಾಡ್ರಿ." ವಿಚಾರವೇನು ಬಂತು? ಊರಿನ ಅರ್ಧ ಜಂಪರು ಹೊಲಿದ ನನ್ನ ಮಷಿನ್ ಪಡಸಾಲೆಯಲ್ಲೇ ಇತ್ತು, ಮಸಿ ಹಿಡಿದಿತ್ತು ಅಷ್ಟೆ. ಆಗಲೇ ನಿನ್ನ ಮಗಳ ಫೋನು, ನಿಡಸೋಸಿ ಕಾಲೇಜಿನಿಂದ ಬರುವ ಬಸ್ಸಿನಿಂದ. "ಚಿಗವ್ವಾ, ನಮ್ಮವ್ವನ ಟ್ರಂಕ ಐತಿಲ್ಲ?"

ಮಷಿನ್ ದಾಟಿ ಒಳಕೋಣೆಗೆ ಹೋದೆ. ತಲೆಯ ಮೇಲೆ ಮಣ್ಣು ಉದುರುತ್ತಿತ್ತು. ಸೆರಗು ಕೈಗೆ ಸುತ್ತಿ ಟ್ರಂಕು ಎಳೆದೆ. "ವೈನಿ, ಬಿಡ್ರಿ ಅದನ್ನ! ಹೊರಗ ಬರ್ರಿ!" ಹೊಸ್ತಿಲು ದಾಟಿದೆ, ಹಿಂದೆಯೇ ತೊಲೆ ಕುಸಿಯಿತು. ಮಷಿನ್ ಅದರಡಿ ಹೋಯಿತು. ಟ್ರಂಕು ತೆರೆದರೆ... ನಿನ್ನ ಸೀರೆ, ನಿನ್ನ ಒಂದೇ ಒಂದು ಫೋಟೊ, ಎಲ್ಲ ಒಳಗೊಳಗೇ ಬೂದಿ. ನಿನ್ನ ಮೇಲೇ ಸಿಟ್ಟು ಬಂತು ನನಗೆ.

ಮಗಳು ಬಂದವಳೇ ಆ ಬೂದಿಯಲ್ಲಿ ಕೈಯಾಡಿಸಿದಳು. "ನಮ್ಮವ್ವಂದು ಒಂದೂ ಉಳಿಲಿಲ್ಲೇನ?"

ಮದುವೆಯ ದಿನ ಅತ್ತೆ ನನ್ನ ಕೊರಳಿಗೆ ಕರಿದಾರದಲ್ಲಿ ನಿನ್ನ ಹೆಸರಿನ ಬೆಳ್ಳಿ ತಗಡು ಕಟ್ಟಿದ್ದರು. ಎರಡನೆಯವಳು ಮೊದಲಿನವಳನ್ನು ಹೊತ್ತುಕೊಂಡೇ ಬಾಳಬೇಕಂತೆ. "ಇದನ್ನ ತಗದಿ ಅಂದ್ರ ಆಕಿ ಕಾಡ್ತಾಳ ನೋಡ್!" ಅಂದಿದ್ದರು. ಜಳಕಕ್ಕೂ ತೆಗೆದವಳಲ್ಲ ನಾನು. ಬರುಬರುತ್ತ ನಿನ್ನ ಜೊತೆ ಸಲಿಗೆ ಬೆಳೆಯಿತು. ಸಾರು ಉಪ್ಪಾದರೆ ನಿನ್ನನ್ನೇ ಬೈದಿದ್ದೇನೆ, ಕೇಳಿಸಿತ್ತೇ?

ಆ ದಾರಕ್ಕೆ ಕೈ ಹಾಕಿದೆ. ಅತ್ತೆ ನನ್ನ ರಟ್ಟೆ ಹಿಡಿದರು. "ಹುಚ್ಚಿ ಅದಿ ಏನ? ಮನಿ ಸುಟ್ಟದ್ದು ಸಾಲಲಿಲ್ಲೇನ?" ಗಂಟು ಬಿಚ್ಚಲಾಗಲಿಲ್ಲ. ದಾರವನ್ನೇ ಹರಿದು ಮಗಳ ಅಂಗೈಯಲ್ಲಿಟ್ಟೆ. "ನಿಮ್ಮವ್ವ. ಇಟಗೋ."

ಈಗ ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತೇನೆ. ಖಂಡಿತ ಹೆದರಿಕೆಯಿದೆ, ಸುಳ್ಳೇಕೆ ಹೇಳಲಿ? ಆದರೂ ಕಾಡುವುದಿದ್ದರೆ ಬಾ ಅಕ್ಕಾ, ಬೇಡ ಎನ್ನುವುದಿಲ್ಲ. ನೀನು ಹೋದಾಗ ತೊಟ್ಟಿಲಲ್ಲಿದ್ದವಳು ಬರುವ ವರ್ಷ ಇಂಜಿನಿಯರ್ ಆಗುತ್ತಾಳೆ. ಬಂದಾಗ ಅವಳನ್ನು ಕಣ್ತುಂಬ ನೋಡಿಕೊಂಡು ಹೋಗು.