ಗುಡ್ಡದ ಮುಂದೆ ಬಿಟ್ಟ ಚಪ್ಪಲಿ

ಆಂಟಾಪ್ ಹಿಲ್, ಮುಂಬೈ,
ಗುರುವಾರ

ಹಠದಲ್ಲೂ ನನಗಿಂತ ಹಿರಿಯನಾದ ಅಣ್ಣನಿಗೆ ನಮಸ್ಕಾರ.

ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ನಿನ್ನೆ ನಿನ್ನ ಮಗಳು ಸ್ನೇಹಲ್‌ಳ ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. ಬ್ಯಾಂಕಿನ ನೌಕರಿ ಬಿಟ್ಟು ಬಣ್ಣ ಹಿಡಿದಳೆಂದು ನೀನು ಅವಳೊಂದಿಗೆ ಮಾತು ಬಿಟ್ಟಿರಬಹುದು, ನಾನು ಬಿಟ್ಟಿಲ್ಲ.

ಒಳಗೆ ಗೋಡೆಯಷ್ಟು ದೊಡ್ಡ ಚಿತ್ರ. ನಮ್ಮ ಎಲ್ಲವ್ವನ ಗುಡ್ಡ, ಮೇಲೆ ಭಂಡಾರದ ಅರಿಶಿನ ತೂರಿದಂಥ ಬೆಳಕು. ಗುಡ್ಡ ಕಂಡೊಡನೆ ಚಪ್ಪಲಿ ಬಿಡುವುದು ನಮ್ಮ ರೂಢಿಯಲ್ಲವೇ? ಅಲ್ಲೇ ಬಿಟ್ಟು ಕೈಮುಗಿದೆ. ನನ್ನನ್ನು ನೋಡಿ ಸೂಟಿನ ಸಾಹೇಬರೂ ಬೂಟು ಬಿಚ್ಚಿದರು! ಮುಂಬೈಗೆ ಭಕ್ತಿ ಕಲಿಸಿದವನು ನಿನ್ನ ತಮ್ಮನೆಂದು ನಾಲ್ಕು ಜನರಿಗೆ ಹೇಳು.

ಸ್ನೇಹಲ್ ನಕ್ಕಳು. "ಕಾಕಾ, ಇದು ಗುಡಿ ಅಲ್ಲೋ, ಗ್ಯಾಲರಿ ಐತಿ." ಆಮೇಲೆ ಮೆಲ್ಲಗೆ ಕೇಳಿದಳು, "ಅಪ್ಪಾ ಬರ್ತಾರೇನು?"

ಚಿತ್ರದಲ್ಲಿ ಒಬ್ಬಾತ ಮಗಳನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದಾನೆ. ಮೊರದಂಥ ಕಿವಿ ನೋಡಿದರೆ ಅವನು ನೀನೇ. ನಿನ್ನ ಚಪ್ಪಲಿ ಆ ಕೂಸಿನ ಕೈಯಲ್ಲಿವೆ.

ರವಿವಾರ ಕೊನೆಯ ದಿನ. ಅವಳ ಅವ್ವ, ನಮ್ಮ ವೈನಿಯನ್ನೂ ಕರೆದುಕೊಂಡು ಬಾ. ಲೇಸಿನ ಬೂಟು ಬೇಡ, ಚಪ್ಪಲಿಯಲ್ಲೇ ಬಾ. ಹಿಡಿದುಕೊಳ್ಳಲು ಮಗಳಿದ್ದಾಳೆ.

ಬಾಗಿಲಲ್ಲೇ ಕಾಯುವ ನಿನ್ನ ತಮ್ಮ,
ಬಸಲಿಂಗ