ನಾಲ್ಕು ಎಂದವಳು

ಅಮ್ಮ,

ಹುಡುಕುವ ದೋಣಿಗಳನ್ನು ಈಗಲೇ ಹೊಳೆಯ ಮೇಲುಗಡೆಗೆ, ನಾವು ಗುಡಾರ ಹಾಕಿದ್ದ ನಡುಗಡ್ಡೆಗೆ ಕಳಿಸಿ. ಪತ್ರ ತಂದವಳಿಗೆ ದಾರಿ ಗೊತ್ತು. ನಾನು ಆಗಲೇ ಹೊರಟಿದ್ದೇನೆ.

ನಮ್ಮ ದೋಣಿಯಾನದ ತಂಡದಲ್ಲಿ ನಾಯಕಿಯಾದ ನಾನು ತಲೆ ಎಣಿಸುವುದಿಲ್ಲ. ಎಣಿಕೆ ಸೆರೆಮನೆಯ ಪದ್ಧತಿ ಎಂದು ಯಾವುದೋ ಕರಪತ್ರದಲ್ಲಿ ಓದಿ ನಾನೇ ನಿಲ್ಲಿಸಿದ್ದೆ. ಯಾರು ಬೇಕಾದರೂ ಯಾವ ದೋಣಿಯನ್ನಾದರೂ ಹತ್ತಬಹುದು, ಹತ್ತಿದ ಮೇಲೆ ತಮ್ಮ ಸಂಖ್ಯೆಯನ್ನು ತಾವೇ ಕೂಗಬೇಕು. ನಿಮ್ಮ ಮಗನದು ನಾಲ್ಕು. "ಅಕ್ಕಾ, ನನ್ನ ಬಾಯಿಗೆ ಬೆಳಗಾಗೋದು ತಡ, ನೀನೇ ಕೂಗಿಬಿಡು" ಎನ್ನುತ್ತಿದ್ದ.

ಮೊನ್ನೆ ಬೆಳಿಗ್ಗೆ ನಡುಗಡ್ಡೆಯಿಂದ ಹೊರಡುವಾಗ ದಟ್ಟ ಮಂಜು. ಮೂರರ ನಂತರ ಯಾರೂ ಕೂಗಲಿಲ್ಲ. ಹಿಂದಿನ ದೋಣಿಯಲ್ಲಿ ತೂಕಡಿಸುತ್ತಿದ್ದಾನೆ ಎಂದುಕೊಂಡು ನಾನೇ ನಾಲ್ಕು ಎಂದೆ. ಉಳಿದವರು ಐದು, ಆರು ಎಂದರು. ಹೊರಟೆವು.

ಸುಳಿ ದಾಟಿದ ಮೇಲೆ ನೋಡಿದರೆ ಅವನಿಲ್ಲ. "ನಾಲ್ಕು ಅಂದಿದ್ದು ಕೇಳಿಸ್ತಲ್ಲ" ಎಂದು ಎಲ್ಲರೂ ಹೇಳಿದರು. ಕೂಗಿದವಳು ನಾನೆಂಬುದನ್ನು ಮುಚ್ಚಿಟ್ಟೆ. ಅದಕ್ಕೇ ಅವನು ದೋಣಿಯಿಂದ ಬಿದ್ದನೆಂದು ಎರಡು ದಿನದಿಂದ ಸುಳಿಯನ್ನು ಜಾಲಾಡುತ್ತಿದ್ದಾರೆ. ಹೇಳಬೇಕೆಂದು ಬಂದಾಗ ನೀವು ನನ್ನ ತಲೆ ಸವರಿ, "ಏನಾದ್ರೂ ತಿಂದ್ಯಾ ಮಗಳೇ?" ಎಂದಿರಿ.

ಅವನು ದೋಣಿಯನ್ನೇ ಹತ್ತಿರಲಿಕ್ಕಿಲ್ಲ; ಈಜು ಬಾರದು, ನಡುಗಡ್ಡೆಯಲ್ಲೇ ಕಾಯುತ್ತಿರಬಹುದು. ಕಂಬಳಿ, ಒಣ ಬಟ್ಟೆ ಕಳಿಸಿ. ಅವನನ್ನು ಹೆಸರು ಹಿಡಿದೇ ಕೂಗಲು ಹೇಳಿ. ನಾಲ್ಕು ಎಂದು ಕೂಗಿದರೆ ನಾನೇ ಓಗೊಟ್ಟುಬಿಡುತ್ತೇನೆ.

ಇಂತಿ,
ಅವನು ಅಕ್ಕ ಎಂದು ನಂಬಿದವಳು